ಪಿಂಚಣಿ ನಿಂತರೆ ಕೈ ಮುಗಿಯಬೇಡಿ, ಕಾಗದ ಬರೆಯಿರಿ

ನಮ್ಮ ದೊಡ್ಡವ್ವ ಗದಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಒಬ್ಬಳೇ ಇರುತ್ತಾಳೆ. ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತದೆ, ತಿಂಗಳಿಗೆ 1200 ರೂಪಾಯಿ. ಗುಳಿಗೆ, ಚಹಾಪುಡಿ, ಗಿರಣಿ ಖರ್ಚು ಎಲ್ಲ ಅದರಲ್ಲೇ. ಒಂದು ಸಲ ನಾಲ್ಕು ತಿಂಗಳು ದುಡ್ಡು ಬರಲಿಲ್ಲ, ಅವಳು ಯಾರಿಗೂ ಹೇಳಲೂ ಇಲ್ಲ. ನಾನು ಹುಬ್ಬಳ್ಳಿಯಿಂದ ಹೋದಾಗ ಗುಳಿಗೆ ಡಬ್ಬಿ ಖಾಲಿ ಇದ್ದದ್ದು ನೋಡಿ ಕೇಳಿದೆ. ಆಗ ಮೆಲ್ಲಗೆ ಅಂದಳು: "ಗ್ರಾಮಸಭಾದಾಗ ನೀರಿನ ಟಾಕಿ ಬಗ್ಗೆ ಕೇಳಿದ್ನೆಪಾ. ಅದಕ್ಕ ನಿಲ್ಲಿಸ್ಯಾರ."

ಹಾಗಂತ ಅವಳ ತಲೆಯಲ್ಲಿ ತುಂಬಿದ್ದು ಓಣಿಯ ಒಬ್ಬ ಪುಢಾರಿ. ಬಾಯಿ ಮಾಡಿದ್ದಿ, ಈಗ ಅನುಭವಿಸು ಅಂದನಂತೆ. ಅವಳು ನಂಬಿದಳು. ಮುಂದಿನ ವಾರ್ಡ್ ಸಭೆಗೆ ಹೋಗಲಿಲ್ಲ. ನನಗೆ ಅವಳು ಕೇಳಿದ್ದು ಒಂದೇ: "ಸಾಹೇಬ್ರ ಕಡೆ ಕರ್ಕೊಂಡ್ ಹೋಗು, ತಪ್ಪಾತ್ರೀ ಅಂತ ಕೈ ಮುಗದು ಬರ್ತೀನಿ."

ಆ ಮಾತು ಕೇಳಿ ನನಗೆ ತುಂಬಾ ಸಂಕಟ ಆಯಿತು. ನೀರು ಕೇಳಿದ್ದಕ್ಕೆ ಕ್ಷಮೆ ಕೇಳುವುದಾ? ಆಮೇಲೆ ನಾವು ಏನು ಮಾಡಿದೆವು, ಅದರಿಂದ ನಾನು ಏನು ಕಲಿತೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಿಂಚಣಿ ಇರಲಿ, ರೇಷನ್ ಇರಲಿ, ಗೃಹಲಕ್ಷ್ಮಿಯ 2000 ರೂಪಾಯಿ ಇರಲಿ, ದಾರಿ ಹೆಚ್ಚು ಕಡಿಮೆ ಇದೇ.

ಮೊದಲು ತಲೆಯಲ್ಲಿ ಒಂದು ವಿಷಯ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಕಚೇರಿಯ ಬಾಗಿಲಲ್ಲಿ ಕಾಲು ನಡುಗುತ್ತದೆ. ಈ ದುಡ್ಡು ಯಾರ ದಾನವೂ ಅಲ್ಲ. ದೊಡ್ಡವ್ವ ಸಾಬೂನು ಕೊಂಡರೂ ಜಿಎಸ್‌ಟಿ ಕಟ್ಟುತ್ತಾಳೆ. ಹೊಲ ಇಲ್ಲದವರೂ, ಸಂಬಳ ಇಲ್ಲದವರೂ ಕಟ್ಟುತ್ತಾರೆ. ಮುದುಕರಿಗೆ, ರೋಗಿಗಳಿಗೆ, ಅಂಗವಿಕಲರಿಗೆ ಸರ್ಕಾರ ತನ್ನ ಶಕ್ತಿ ಇದ್ದಷ್ಟು ನೆರವು ಕೊಡಬೇಕು ಎಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ. ಇದನ್ನೇ ಹಿಡಿದು ನೇರವಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ, ಅದು ನಿಜ. ಅದಕ್ಕೇ ನಿಮ್ಮ ದುಡ್ಡು ಎಲ್ಲಿಂದ ಹುಟ್ಟಿದೆ ಅಂತ ತಿಳಿದಿರಬೇಕು. ರೇಷನ್ ಅಕ್ಕಿಯ ಹಿಂದೆ ಸಂಸತ್ತು ಮಾಡಿದ ಕಾಯ್ದೆಯೇ ಇದೆ, 2013ರ ಆಹಾರ ಭದ್ರತಾ ಕಾಯ್ದೆ: ಆದ್ಯತಾ ಕುಟುಂಬಕ್ಕೆ ತಲೆಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ. ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿ ಹಾಗಲ್ಲ. ಅವು ರಾಜ್ಯ ಸರ್ಕಾರದ ಆದೇಶದ ಮೇಲೆ ನಿಂತ ಯೋಜನೆಗಳು.

ಆದೇಶದ ಯೋಜನೆಯನ್ನು ಸರ್ಕಾರ ಬದಲಿಸಬಹುದು. ನಾಳೆ ಮೊತ್ತ ಇಳಿಸಬಹುದು, ವಯಸ್ಸಿನ ಮಿತಿ ಏರಿಸಬಹುದು. ಆದರೆ ಬದಲಿಸಿದರೆ ಎಲ್ಲರಿಗೂ ಬದಲಿಸಬೇಕು, ಅದಕ್ಕೆ ವಿಧಾನಸಭೆಯಲ್ಲಿ ಉತ್ತರ ಹೇಳಬೇಕು, ಮುಂದಿನ ಚುನಾವಣೆಯಲ್ಲಿ ನಮಗೆ ಮುಖ ತೋರಿಸಬೇಕು. ನಿಯಮ ಹಾಗೇ ಇರುವಾಗ ನಿಮ್ಮೊಬ್ಬರ ಮುಖ ನೋಡಿ, ನೀವು ಸಭೆಯಲ್ಲಿ ಮಾತಾಡಿದ್ದು ನೋಡಿ, ನೀವು ಯಾವ ಪಕ್ಷದವರ ಜೊತೆ ಕಟ್ಟೆ ಮೇಲೆ ಕೂತಿದ್ದಿರಿ ಅಂತ ನೋಡಿ ನಿಲ್ಲಿಸುವ ಅಧಿಕಾರ ತಲಾಟಿಗೂ ಇಲ್ಲ, ತಹಶೀಲ್ದಾರರಿಗೂ ಇಲ್ಲ, ಮಂತ್ರಿಗೂ ಇಲ್ಲ. ಕಾನೂನಿನ ಮುಂದೆ ಎಲ್ಲರೂ ಒಂದೇ ಅನ್ನುವ 14ನೇ ವಿಧಿ ಇರುವುದು ಇದಕ್ಕೇ. ಪುಢಾರಿಗೆ ಇದು ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಾಗುವುದು ಅವನಿಗೆ ಬೇಡ.

ಇನ್ನು ಕೆಲಸಕ್ಕೆ ಬರೋಣ. ಕಚೇರಿಗೆ ಹೋಗುವ ಮುಂಚೆ ಬ್ಯಾಂಕಿಗೆ ಹೋಗಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕೊನೆಯ ಸಲ ಯಾವ ತಾರೀಖಿಗೆ ಎಷ್ಟು ಬಂತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ನನ್ನ ಆಧಾರ್ ಸರ್ಕಾರಿ ದುಡ್ಡಿಗೆ ಯಾವ ಖಾತೆಗೆ ಜೋಡಣೆ ಆಗಿದೆ? ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಸರ್ಕಾರಿ ದುಡ್ಡು ಬೀಳಲು ಎನ್‌ಪಿಸಿಐನಲ್ಲಿ, ಅಂದರೆ ಬ್ಯಾಂಕುಗಳ ನಡುವೆ ದುಡ್ಡು ದಾಟಿಸುವ ಸಂಸ್ಥೆಯಲ್ಲಿ, ಜೋಡಣೆ ಆಗಿರುವುದು ಬೇರೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕಡೆಗೆ ಯಾವುದು ಜೋಡಣೆ ಆಯಿತೋ ಅಲ್ಲಿಗೇ ದುಡ್ಡು ಹೋಗುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಕೊಟ್ಟಿದ್ದರೆ ಮೈಆಧಾರ್ ತಾಣದಲ್ಲೂ ಬ್ಯಾಂಕ್ ಸೀಡಿಂಗ್ ಅನ್ನುವ ಕಡೆ ಇದು ಕಾಣುತ್ತದೆ.

ದೊಡ್ಡವ್ವನ ವಿಷಯದಲ್ಲಿ ಆಗಿದ್ದು ಇದೇ. ಮಹಿಳಾ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆಗೆಸಿದ್ದಳು. ಅಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡವರು ಜೋಡಣೆಯನ್ನೂ ಆ ಖಾತೆಗೇ ಬದಲಿಸಿದ್ದರು, ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ನಾಲ್ಕು ತಿಂಗಳ 4800 ರೂಪಾಯಿ ಅಲ್ಲೇ ಬಿದ್ದಿತ್ತು. ಸಿಟ್ಟಿನಿಂದ ಯಾರೂ ಪಿಂಚಣಿ ನಿಲ್ಲಿಸಿರಲಿಲ್ಲ. ನಿಲ್ಲಿಸಿಯೇ ಇರಲಿಲ್ಲ! ಆದರೂ ನಾಲ್ಕು ತಿಂಗಳು ಅವಳ ಬಾಯಿ ಕಟ್ಟಿತ್ತು, ಗುಳಿಗೆ ಬಿಟ್ಟಿದ್ದಳು, ಟಾಕಿಯ ಮಾತು ಎತ್ತಲಿಲ್ಲ. ನಾನು ಇದನ್ನು ಬಹಳ ದಿನ ಯೋಚನೆ ಮಾಡಿದ್ದೇನೆ. ದುಡ್ಡು ಯಾಕೆ ಬರಲಿಲ್ಲ ಅಂತ ಅವಳಿಗೆ ಗೊತ್ತಿರಲಿಲ್ಲ, ಆ ಖಾಲಿ ಜಾಗದಲ್ಲಿ ಪುಢಾರಿ ಬಂದು ಕೂತ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ದುಡ್ಡು ಕೇಳುವ ಮುಂಚೆ ಕಾರಣ ಕೇಳಿ, ಆ ಕಾರಣ ಬಾಯಿಂದ ಬಂದರೆ ಸಾಲದು, ಕಾಗದದ ಮೇಲೆ ಬರಬೇಕು.

ಬ್ಯಾಂಕಿನಲ್ಲಿ ಏನೂ ತಪ್ಪಿಲ್ಲ, ದುಡ್ಡು ನಿಜವಾಗಿಯೂ ನಿಂತಿದೆ ಅಂದರೆ ಪಿಂಚಣಿಗೆ ನಾಡಕಚೇರಿ ಇಲ್ಲವೇ ತಹಶೀಲ್ದಾರ್ ಕಚೇರಿಗೆ ಹೋಗಬೇಕು. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಕಾರಣ ಅಂದರೆ, ಪರಿಶೀಲನೆಗೆ ಬಂದಾಗ ಆ ಮುದುಕ ಮಗನ ಜೊತೆ ಗೋವಾಕ್ಕೋ ಮಂಗಳೂರಿಗೋ ಹೋಗಿರುತ್ತಾನೆ, ಊರಲ್ಲಿಲ್ಲ ಅಂತ ಬರೆದುಕೊಂಡು ಹೋಗಿರುತ್ತಾರೆ. ಆಧಾರ್‌ನಲ್ಲಿ ವಯಸ್ಸು ಬೇರೆ, ವೋಟರ್ ಕಾರ್ಡಿನಲ್ಲಿ ಬೇರೆ ಇರುತ್ತದೆ. ಬದುಕಿರುವವರನ್ನು ತೀರಿಕೊಂಡವರ ಪಟ್ಟಿಗೆ ಸೇರಿಸಿದ್ದೂ ಉಂಟು.

ಹೋಗುವಾಗ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಂಡೇ ಹೋಗಿ. ಎರಡು ಪ್ರತಿ. ಹೆಸರು, ಊರು, ಪಿಂಚಣಿ ಮಂಜೂರಾತಿ ಸಂಖ್ಯೆ, ಯಾವ ತಿಂಗಳಿಂದ ನಿಂತಿದೆ, ಇಷ್ಟು ಸಾಕು. "ಬಡವಳು, ತಮ್ಮ ಪಾದವೇ ಗತಿ" ಅಂತ ಬರೆಯುವ ಚಾಳಿ ನಮ್ಮಲ್ಲಿ ಇನ್ನೂ ಇದೆ, ಅರ್ಜಿ ಬರೆದು ಕೊಡುವವರು ಅದನ್ನು ತಾವೇ ಸೇರಿಸುತ್ತಾರೆ. ಆ ಸಾಲು ಹೊಡೆದು ಹಾಕಿಸಿ. ಮರ್ಯಾದೆಯಿಂದ ಬರೆಯಿರಿ, ಆದರೆ ಬಗ್ಗಬೇಡಿ. ಒಂದು ಪ್ರತಿ ಟಪಾಲು ಟೇಬಲ್ಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. "ಹೋಗಮ್ಮ, ನೋಡ್ತೀವಿ" ಅಂದರೆ ಹೊರಡಬೇಡಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಸೀಲು ಹಾಕಲು ಒಪ್ಪಲೇ ಇಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಹೊಸದಾಗಿ ಪಿಂಚಣಿಗೋ ಜಾತಿ ಆದಾಯ ಪ್ರಮಾಣಪತ್ರಕ್ಕೋ ಅರ್ಜಿ ಹಾಕುವುದಾದರೆ ಸಕಾಲದ, ಅಂದರೆ ಸರ್ಕಾರಿ ಕೆಲಸ ಇಷ್ಟು ದಿನದೊಳಗೆ ಆಗಬೇಕು ಅನ್ನುವ ವ್ಯವಸ್ಥೆಯ, ರಸೀದಿ ತಪ್ಪದೆ ತೆಗೆದುಕೊಳ್ಳಿ, ಅದರಲ್ಲಿ ನಿಮ್ಮ ಅರ್ಜಿಯ ಗುರುತಿನ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಸಕಾಲ ಶುರುವಾದದ್ದು 2012ರ ಏಪ್ರಿಲ್‌ನಲ್ಲಿ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಇದೆ. ದುಡ್ಡು ಸಣ್ಣದು ನಿಜ. ಆದರೆ ತಡ ಮಾಡಿದವರ ಹೆಸರಿನ ಮುಂದೆ ಅದು ದಾಖಲಾಗುತ್ತದೆ, ಅದಕ್ಕೆ ಬೆಲೆ ಜಾಸ್ತಿ.

ಅರ್ಜಿ ಕೊಟ್ಟು ತಿಂಗಳಾದರೂ ಉತ್ತರ ಇಲ್ಲವೇ? ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜನ ತಪ್ಪುವುದು ಇಲ್ಲೇ. "ನನ್ನ ಪಿಂಚಣಿ ಯಾಕೆ ನಿಲ್ಲಿಸಿದಿರಿ" ಅಂತ ಬರೆದರೆ, ವಿವರಣೆ ಕೊಡುವುದು ಮಾಹಿತಿ ಅಲ್ಲ ಅಂತ ಹಿಂಬರಹ ಬರುತ್ತದೆ. ಪ್ರಶ್ನೆ ಕೇಳಬೇಡಿ, ದಾಖಲೆ ಕೇಳಿ. ಹೀಗೆ ಬರೆಯಬಹುದು:

"ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 6(1)ರ ಅಡಿ ಅರ್ಜಿ. ನನ್ನ ಸಂಧ್ಯಾ ಸುರಕ್ಷಾ ಪಿಂಚಣಿ, ಮಂಜೂರಾತಿ ಸಂಖ್ಯೆ ಇಂಥದ್ದು, ಇಂಥ ತಿಂಗಳಿಂದ ಬಂದಿಲ್ಲ. ಅದನ್ನು ನಿಲ್ಲಿಸಿದ ಆದೇಶದ ಪ್ರತಿ, ಅದಕ್ಕೆ ಮುಂಚೆ ನನಗೆ ಕೊಟ್ಟ ನೋಟಿಸಿನ ಪ್ರತಿ, ಈ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಆದೇಶ ಮಾಡಿದ ಅಧಿಕಾರಿಯ ಹುದ್ದೆ, ಕಳೆದ ಹನ್ನೆರಡು ತಿಂಗಳಲ್ಲಿ ನನ್ನ ಹೆಸರಿಗೆ ಪಾವತಿಯಾದ ಹಣದ ವಿವರ ಕೊಡಬೇಕು. ಕಲಂ 4(1)(ಡಿ) ಪ್ರಕಾರ ಈ ತೀರ್ಮಾನದ ಕಾರಣಗಳನ್ನೂ ತಿಳಿಸಬೇಕು."

ಆ ಕೊನೆಯ ಕಲಂ ಬಹಳ ಜನಕ್ಕೆ ಗೊತ್ತಿಲ್ಲ. ಕಚೇರಿಯ ತೀರ್ಮಾನದಿಂದ ಯಾರಿಗೆ ಪೆಟ್ಟು ಬೀಳುತ್ತದೋ ಅವರಿಗೆ ಅದರ ಕಾರಣ ಹೇಳಬೇಕು ಅಂತ ಕಾಯ್ದೆಯಲ್ಲೇ ಇದೆ. ಇನ್ನು, ನಿಲ್ಲಿಸುವ ಮುಂಚೆ ನೋಟಿಸೇ ಕೊಟ್ಟಿರಲಿಲ್ಲ ಅಂದರೆ ಅವರ ಉತ್ತರದಲ್ಲೇ ಅದು ಹೊರಗೆ ಬೀಳುತ್ತದೆ. ಒಬ್ಬರಿಗೆ ಬರುತ್ತಿದ್ದದ್ದನ್ನು ಅವರ ಮಾತು ಕೇಳದೆ ಕಿತ್ತುಕೊಳ್ಳಬಾರದು ಅನ್ನುವುದು ನಮ್ಮ ಕೋರ್ಟುಗಳು ಮತ್ತೆ ಮತ್ತೆ ಹೇಳಿರುವ ಮಾತು.

ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಆದರೆ ಅದೂ ಬೇಡ, ಕಾರ್ಡಿನ ಝೆರಾಕ್ಸ್ ಹಚ್ಚಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಯಬೇಕು. ಕನ್ನಡದಲ್ಲೇ ಬರೆಯಿರಿ. ಮಾಹಿತಿ ಯಾಕೆ ಬೇಕು ಅಂತ ಕೇಳುವ ಹಕ್ಕು ಅವರಿಗಿಲ್ಲ, ಹೇಳುವ ಕೆಲಸ ನಿಮಗಿಲ್ಲ. ತಪ್ಪು ಕಚೇರಿಗೆ ಕೊಟ್ಟಿದ್ದರೆ ಐದು ದಿನದಲ್ಲಿ ಅವರೇ ಸರಿಯಾದ ಕಡೆ ಕಳಿಸಬೇಕು. ಬೇರೆಯವರ ಖಾತೆ, ಫೋನ್ ನಂಬರ್ ಮಾತ್ರ ಕೇಳಬೇಡಿ, ಅದು ಅವರ ಖಾಸಗಿ ವಿಷಯ. ಉತ್ತರಕ್ಕೆ 30 ದಿನ. ಬರದಿದ್ದರೆ, ಇಲ್ಲಾ ಅರ್ಧಂಬರ್ಧ ಬಂದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಸುಮ್ನೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದ ತನಕ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆಯೋಗದಲ್ಲಿ ಕಾಯುವುದು ಬಹಳ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಕಂಡ ಮಟ್ಟಿಗೆ ಬಹಳಷ್ಟು ಕೆಲಸ ಮೊದಲ ಅರ್ಜಿಯ ಸೀಲು ಬಿದ್ದ ವಾರದಲ್ಲೇ ಆಗಿಬಿಡುತ್ತದೆ.

ಹೆಬ್ಬೆಟ್ಟಿನ ವಿಷಯ ಬಿಟ್ಟರೆ ಈ ಬರಹ ಪೂರ್ತಿ ಆಗುವುದಿಲ್ಲ. ಬ್ಯಾಡಗಿ ಕಡೆ ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಕ್ಕಳ ಬೆರಳು ನೋಡಿ, ಗೆರೆಯೇ ಸವೆದಿರುತ್ತದೆ. ಮಷಿನ್ ಮೇಲೆ ಎಷ್ಟು ಸಲ ಒತ್ತಿದರೂ ಹೊಂದುವುದಿಲ್ಲ. 2018ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು ಅಂದಿತು, ಅದರ ಜೊತೆಗೇ, ಬೆರಳು ಹೊಂದಲಿಲ್ಲ ಅಂತ ಅರ್ಹರಿಗೆ ಸವಲತ್ತು ತಪ್ಪಬಾರದು ಅಂತಲೂ ಹೇಳಿತು. ರೇಷನ್ ಅಂಗಡಿಯವರು ವಾಪಸ್ ಕಳಿಸಿದರೆ ಆಹಾರ ಇಲಾಖೆಯ 1967ಕ್ಕೆ ಫೋನ್ ಮಾಡಿ, ಆ ದಿನದ ತಾರೀಖು ಬರೆದಿಡಿ. ಹಾಗೇ, ಹೆಬ್ಬೆಟ್ಟು ಒತ್ತುವ ಮುಂಚೆ ಯಾತಕ್ಕೆ ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಒಟಿಪಿ ಕೇಳಿದರೂ ಅಷ್ಟೇ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗಲೇ ಬಹಳ ವಯಸ್ಸಾಗಿತ್ತು ಅವರಿಗೆ. ದೊಡ್ಡವ್ವನ ಹೆಬ್ಬೆಟ್ಟಿಗೂ ಆ ತೀರ್ಪು ಸೇರಿದ್ದೇ.

ಈಗ ಮಾತಾಡುವ ವಿಷಯ. "ಉಂಡ ಮನೆಯ ಜಂತಿ ಎಣಿಸಬಾರದು" ಅಂತ ಗಾದೆ ಹೇಳಿ ಬಾಯಿ ಮುಚ್ಚಿಸುವವರು ಇರುತ್ತಾರೆ. ಸರ್ಕಾರ ಬೇರೆಯವರ ಮನೆ ಅಲ್ಲ ಸ್ವಾಮಿ, ಅದು ನಮ್ಮದೇ ಮನೆ, ಜಂತಿ ಎಣಿಸಲೇಬೇಕು, ಇಲ್ಲದಿದ್ದರೆ ಗೆದ್ದಲು ತಿಂದದ್ದು ಗೊತ್ತಾಗುವುದಿಲ್ಲ. ನರಗುಂದ, ನವಲಗುಂದದ ರೈತರು ಮಲಪ್ರಭೆಯ ಕಾಲುವೆ ಬೇಡ ಅಂದಿರಲಿಲ್ಲ. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದನ್ನು ಕೇಳಿದರು. 1980ರ ಜುಲೈ 21ರಂದು ಅವರ ಮೇಲೆ ಗೋಲಿಬಾರ್ ಆಯಿತು, ರೈತರ ಜೀವ ಹೋಯಿತು. ಪ್ರತಿ ವರ್ಷ ಆ ದಿನ ನಾವು ನೆನೆಯುವುದು ಅವರನ್ನೇ. ಕಾಲುವೆ ಕೊಟ್ಟಿದ್ದೇವೆ, ಬಾಯಿ ಮುಚ್ಚಿ ಅಂತ ಹೇಳುವುದಕ್ಕೆ ಬರುವುದಿಲ್ಲ ಅಂತ ಈ ನೆಲ ರಕ್ತ ಕೊಟ್ಟು ಕಲಿಸಿದೆ.

ಗ್ರಾಮಸಭೆ ಕಡಿಮೆ ಅಂದರೂ ಆರು ತಿಂಗಳಿಗೊಮ್ಮೆ ಆಗಬೇಕು. ಹೋಗಿ. ಒಂದೇ ವಿಷಯ ಎತ್ತಿ, ಎರಡು ನಿಮಿಷದಲ್ಲಿ ಮುಗಿಸಿ, ಆಮೇಲೆ ಕೂಗಾಡದೆ ಒಂದು ಮಾತು ಹೇಳಿ: "ಇದನ್ನ ನಡವಳಿ ಪುಸ್ತಕದಾಗ ಬರೀರಿ, ಬರೆದದ್ದು ಓದಿ ಹೇಳ್ರಿ." ಓದಿಸುವ ತನಕ ಏಳಬೇಡಿ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದಾಗ, ಬಹುಮತ ಇದೆಯೋ ಇಲ್ಲವೋ ಸದನದಲ್ಲಿ ನೋಡಿ ಅಂತ ಅವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಐದು ವರ್ಷ ಆದ ಮೇಲೆ, 1994ರಲ್ಲಿ, ಬಹುಮತ ತೀರ್ಮಾನ ಆಗಬೇಕಾದದ್ದು ಸದನದ ಒಳಗೇ, ರಾಜ್ಯಪಾಲರ ಮನಸ್ಸಿನಲ್ಲಿ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ದೇಶದ ಎಷ್ಟೋ ಸರ್ಕಾರಗಳನ್ನು ಆಮೇಲೆ ಆ ತೀರ್ಪು ಕಾಪಾಡಿದೆ. ಟಾಕಿಯ ಲೆಕ್ಕವೂ ಹಾಗೇ, ಎಲ್ಲರ ಕಣ್ಣ ಮುಂದೆ ಆಗಬೇಕು, ಯಾರದೋ ಮನೆಯ ಪಡಸಾಲೆಯಲ್ಲಿ ಅಲ್ಲ.

ಒಬ್ಬರೇ ಹೋಗಲು ಹೆದರಿಕೆ ಆದರೆ ನಾಲ್ಕು ಜನ ಸೇರಿ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಕೂಡಿ ಸಹಕಾರಿ ಸಂಘ ಕಟ್ಟಿಕೊಂಡವರು, ನಮಗೆ ಇದು ಹೊಸದೇನಲ್ಲ. ಪಿಂಚಣಿ ನಿಂತವರು ಓಣಿಯಲ್ಲಿ ಎಂಟು ಜನ ಇದ್ದರೆ ಎಂಟು ಅರ್ಜಿ ಒಂದೇ ದಿನ ಕೊಡಿ. ಓಟು ಯಾರಿಗೆ ಹಾಕಿದ್ದಿ ಅಂತ ಯಾರಾದರೂ ಯೋಜನೆಯ ಹೆಸರಲ್ಲಿ ಕೇಳಿದರೆ ಉತ್ತರ ಕೊಡಬೇಕಾಗಿಲ್ಲ, ಮತ ಗುಪ್ತ. ಮೆರವಣಿಗೆಗೆ ಬರದಿದ್ದರೆ ಹೆಸರು ತೆಗೆಸುತ್ತೇವೆ ಅಂದರೆ, ಅಂದವರು ಯಾರು, ಯಾವ ದಿನ, ಪಕ್ಕದಲ್ಲಿ ಯಾರಿದ್ದರು ಅಂತ ಅವತ್ತೇ ಬರೆದಿಡಿ. ದೂರು ಕೊಡುವಾಗ ಇದೇ ಬೇಕಾಗುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಅರ್ಹತೆ ಪರಿಶೀಲಿಸುವ ಅಧಿಕಾರ ಸರ್ಕಾರಕ್ಕೆ ಇದೆ, ಇರಲೇಬೇಕು. ವಯಸ್ಸು ಜಾಸ್ತಿ ಬರೆಸಿ, ಆದಾಯ ಮುಚ್ಚಿಟ್ಟು ಪಡೆದಿದ್ದರೆ ಈ ಯಾವ ಕಾಗದವೂ ನಿಮ್ಮನ್ನು ಕಾಯುವುದಿಲ್ಲ, ಜೊತೆಗೆ ನಿಜವಾದ ಬಡವರ ದನಿಯೂ ಕುಗ್ಗುತ್ತದೆ. ಅಂಥದ್ದಿದ್ದರೆ ಮೊದಲು ಬಿಟ್ಟುಕೊಡಿ.

ಇಷ್ಟಾದರೂ ಆಗದಿದ್ದರೆ? ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902ಕ್ಕೆ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಲಂಚ ಕೇಳಿದರೆ ಲೋಕಾಯುಕ್ತ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, ಫೋನ್ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೊನೆಗೆ ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದೆ, 2008ರಿಂದ. ಅದಕ್ಕೆ ಮುಂಚೆ ಹಾವೇರಿಯವರೂ ಗದಗದವರೂ ಒಂದು ರಿಟ್ ಅರ್ಜಿಗೆ ಬೆಂಗಳೂರಿಗೆ ಓಡಬೇಕಿತ್ತು. ವಕೀಲರು ಮೊದಲು ಕೇಳುವುದು ಆ ಸೀಲು ಬಿದ್ದ ಪ್ರತಿಯನ್ನೇ, ಅದಕ್ಕೇ ಎಲ್ಲ ಕಾಗದ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ತಾರೀಖಿನ ಪ್ರಕಾರ ಇಡಿ.

ದೊಡ್ಡವ್ವನ ಚೀಲ ಟ್ರಂಕಿನಲ್ಲಿದೆ. ಜೋಡಣೆಯನ್ನು ಹಳೆಯ ಖಾತೆಗೇ ತಿರುಗಿಸಿದೆವು, ಗುಳಿಗೆ ಮತ್ತೆ ಶುರುವಾಯಿತು. ಮುಂದಿನ ಗ್ರಾಮಸಭೆಗೆ ನಾನು ಹೋಗಲು ಆಗಲಿಲ್ಲ, ಅವಳೇ ಎದ್ದು ಟಾಕಿಯ ವಿಷಯ ಮತ್ತೆ ಎತ್ತಿದಳಂತೆ, ನಡವಳಿಯಲ್ಲಿ ಬರೆಸಿದಳಂತೆ, ಎರಡು ಸಲ ಓದಿಸಿದಳಂತೆ. ಆಮೇಲೆ ನನಗೆ ಫೋನ್ ಮಾಡಿ, "ಟಾಕಿ ಬಿಲ್ಲು, ಅಳತಿ ಪುಸ್ತಕ, ಎರಡೂ ಕೇಳಿ ಒಂದು ಅರ್ಜಿ ಬರದು ಕಳಸು" ಅಂದಳು. ಬರೆದು ಕಳಿಸಿದೆ, ಅವಳೇ ಹೋಗಿ ಕೊಟ್ಟು ಸೀಲು ಹಾಕಿಸಿಕೊಂಡಳು. ಇವತ್ತಿಗೆ 19 ದಿನ ಆಯಿತು. ಕ್ಯಾಲೆಂಡರ್ ಮೇಲೆ ದಿನಾ ಒಂದು ಗೆರೆ ಹಾಕುತ್ತಿದ್ದಾಳೆ.